ಅವ್ವ ಆಡದ ಮಾತು

ನನ್ನ ಬದುಕಿನ ಮೇಲೆ ಟೀವಿಯವರು ಒಂದು ಸಿನಿಮಾ ಮಾಡಿದರು. ಒಂದು ಭಾನುವಾರ ಮಧ್ಯಾಹ್ನ ಅದು ಬಂತು, ಊರೆಲ್ಲ ನೋಡಿತು. ಅದಾದ ಮೇಲೆ ನನಗೆ ಉಳಿದದ್ದು ಬಹಳ ಇಲ್ಲ. ಏನಾಯಿತು ಎಂಬುದನ್ನು ಆದ ಹಾಗೆಯೇ ಬರೆಯುತ್ತೇನೆ.

ನಾವು ಬೆಟಗೇರಿಯ ನೇಕಾರರು. ಅಪ್ಪ ಇರುವತನಕ ಮನೆಯಲ್ಲಿ ಕೈಮಗ್ಗ ನಡೆಯುತ್ತಿತ್ತು. ಅಪ್ಪ ತೀರಿದ ಮೇಲೆ ಅಣ್ಣ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ಕರೆಂಟಿನ ಮಗ್ಗ ತಂದ. ನನಗೆ ನೇಯುವುದಕ್ಕಿಂತ ಮಾರುವುದು ಚೆನ್ನಾಗಿ ಬರುತ್ತಿತ್ತು. ಗದಗಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ತೋರಿಸುವ ಕೆಲಸ. ಸೆರಗನ್ನು ಹಿಡಿದು ಒಮ್ಮೆ ಝಾಡಿಸಿದರೆ ಸೀರೆ ನೀರು ಹರಿದಂತೆ ಗಾದಿಯ ತುಂಬ ಹರಡಿಕೊಳ್ಳಬೇಕು. ಅದು ನನ್ನ ಕೈಗೆ ಹತ್ತಿತ್ತು. ಹಳ್ಳಿಗಳಿಂದ ಮದುವೆ ಬಟ್ಟೆಗೆ ಬಂದ ಹೆಂಗಸರು "ಆ ಹುಡುಗನ್ನ ಕರೀರಿ" ಎಂದು ನನ್ನನ್ನೇ ಕೇಳುತ್ತಿದ್ದರು.

ನಾನು ಗಂಡಸರನ್ನು ಬಯಸುವವನು ಎಂದು ನನಗೆ ಹೈಸ್ಕೂಲಿನಲ್ಲೇ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದು ಲಕ್ಷ್ಮೇಶ್ವರದಲ್ಲಿ, ನನಗೆಂದು ಹುಡುಗಿ ನೋಡಲು ಹೋದ ದಿನ. ಅವಲಕ್ಕಿ, ಚಹಾ ಆದ ಮೇಲೆ ಹಿರಿಯರು ನಮ್ಮಿಬ್ಬರನ್ನೂ ಹಿತ್ತಲಿಗೆ ಕಳಿಸಿದರು, ಮಾತಾಡಿಕೊಳ್ಳಲಿ ಎಂದು. ಹಿತ್ತಲಲ್ಲಿ ಒಂದು ನುಗ್ಗೆ ಗಿಡ, ಕಟ್ಟಿದ ಎಮ್ಮೆ. ಅವಳು ಎಮ್ಮೆಯ ಕಡೆ ನೋಡುತ್ತ ನಿಂತಿದ್ದಳು.

"ನನಗ ಹೆಣ್ಣಿನ ಮ್ಯಾಲೆ ಮನಸ್ಸಾಗೂದಿಲ್ರಿ" ಎಂದೆ. "ನಿಮ್ಮದೇನೂ ಕೊರತಿ ಅಲ್ಲ. ನಾನ ಹಂಗ ಹುಟ್ಟೀನಿ. ನಿಮ್ಮ ಜೀವನಾ ಹಾಳ ಮಾಡಾಕ ನನಗ ಮನಸ್ಸಿಲ್ಲ."

ಅವಳು ನನ್ನ ಕಡೆ ತಿರುಗಿ, "ಹಂಗಾರ ನಾ ಒಲ್ಲೆ ಅಂತ ಹೇಳಬೇಕೇನ್ರಿ? ಯಾಕ ಅಂತ ಕೇಳ್ತಾರಲ್ರಿ ಮನ್ಯಾಗ" ಎಂದಳು.

"ಖರೆ ಇದ್ದದ್ದ ಹೇಳ್ರಿ."

"ಹೇಳ್ಲೇನು? ನಿಮಗ ತ್ರಾಸ ಆಗೂದಿಲ್ಲೇನು?"

"ಹೇಳ್ರಿ" ಎಂದೆ. ಅವಳು ಹೇಳಿದಳು. ನಾವು ಬಸ್ಸಿನಲ್ಲಿ ಮುಳಗುಂದ ದಾಟುವುದರೊಳಗೆ ಸುದ್ದಿ ಫೋನಿನಲ್ಲಿ ಬೆಟಗೇರಿ ಮುಟ್ಟಿತ್ತು.

ಮನೆಯಲ್ಲಿ ಅಣ್ಣ ಅಂಗಿಯ ಕೊರಳಪಟ್ಟಿ ಹಿಡಿದು, "ಖರೆ ಏನಲೇ?" ಎಂದು ಕೇಳಿದ. "ಖರೆ" ಎಂದೆ. ಎರಡು ಹೊಡೆದ. ಅವನೇ ಅತ್ತ. ಅವ್ವ ಮೂಲೆಯಲ್ಲಿ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ಸಂಜೆ ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿ ನನ್ನ ಮುಂದೆ ಸರಿಸಿದಳು. ಆ ದಿನ ಅವಳು ಏನೂ ಅನ್ನಲಿಲ್ಲ. ಮರುದಿನವೂ ಅನ್ನಲಿಲ್ಲ. ಅಲ್ಲಿಂದ ಮುಂದೆ ಎಷ್ಟೋ ವರ್ಷ ನಾನು ಕಾಯುತ್ತ ಇದ್ದೆ. ಬೈಗುಳವಾದರೂ ಸರಿ, ಒಂದು ಮಾತು ಬರಲಿ ಎಂದು. ಬರಲಿಲ್ಲ.

ಮನೆಯಲ್ಲಿ ಇರುವುದು ಅಣ್ಣನಿಗೆ ಸರಿಬರಲಿಲ್ಲ. ಗದಗಿನಲ್ಲಿ ಮುಳಗುಂದ ನಾಕಾದ ಆಚೆ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಆದರೆ ಪ್ರತಿ ಅಮಾವಾಸ್ಯೆಯ ಮುಂಚೆ ಅವ್ವನ ಫೋನು ಬರುತ್ತಿತ್ತು. "ನಾಳೆ ಅಮಾಸಿ. ಬಾ." ಅಷ್ಟೇ. ಹೋಗುತ್ತಿದ್ದೆ. ಹೋಳಿಗೆ ನೀಡುತ್ತಿದ್ದಳು, ಮೇಲೆ ತುಪ್ಪ ಹಾಕುತ್ತಿದ್ದಳು. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗೇ ಇರುತ್ತಿದ್ದರು, ಅಣ್ಣ ಮಗ್ಗದ ಮುಂದಿನಿಂದ ಏಳುತ್ತಿರಲಿಲ್ಲ. ಅಣ್ಣನ ಮಗಳು ಮಾತ್ರ "ಕಾಕಾ" ಎಂದು ಹತ್ತಿರ ಬಂದು ಕೂರುತ್ತಿದ್ದಳು.

ಊರಿನಲ್ಲಿ ನನ್ನ ಬೆನ್ನ ಹಿಂದೆ ನಗುತ್ತಿದ್ದರು. ಮದುವೆ ಮುಂಜಿವೆಗೆ ಕರೆಯುವುದನ್ನು ಬಿಟ್ಟರು. ಖೋಲಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಹೊಲಸು ಬರೆದು ಹೋಗುತ್ತಿದ್ದರು. ಅಂಗಡಿಗೆ ಹೊರಡುವ ಮೊದಲು ಒದ್ದೆ ಅರಿವೆಯಿಂದ ಒರೆಸುತ್ತಿದ್ದೆ. ಎದುರಿಗೆ ಬಂದು ಕೇಳಿದವರಿಗೆ ಮಾತ್ರ ಹೌದು ಎಂದೇ ಹೇಳುತ್ತಿದ್ದೆ. ಒಮ್ಮೆ ಹೌದು ಎಂದ ಮೇಲೆ ಮತ್ತೆ ಅಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಲಕ್ಷ್ಮೇಶ್ವರದ ಒಬ್ಬ ನನ್ನ ಜೊತೆ ಬಂದು ಇದ್ದ. ಗದಗಿನ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮೇಷ್ಟ್ರು. ಅವನು ನನ್ನಂತೆ ಹೇಳಿಕೊಂಡವನಲ್ಲ. ಶಾಲೆಯಲ್ಲಿ, ಮನೆಯಲ್ಲಿ "ಗೆಳ್ಯಾನ ಖೋಲ್ಯಾಗ ಅದೀನಿ" ಎಂದಿದ್ದ. ಬೆಳಿಗ್ಗೆ ನಾನು ಚಹಾ ಇಟ್ಟರೆ ಅವನು ಉಪ್ಪಿಟ್ಟು ತಿರುವುತ್ತಿದ್ದ. ಸುಮಾರು ನಾಲ್ಕು ವರ್ಷ ಗಂಡ ಹೆಂಡಿರು ಬಾಳುವಂತೆಯೇ ಬಾಳಿದೆವು, ಜಗಳವಾಡಿದೆವು, ಒಂದೇ ಗಡಿಗೆಯ ನೀರು ಕುಡಿದೆವು.

ಹುಬ್ಬಳ್ಳಿಯಲ್ಲಿ ನನ್ನಂಥವರು ಸೇರಿದ ಒಂದು ಸಭೆಯಲ್ಲಿ ನನ್ನನ್ನು ಮಾತಿಗೆ ಕರೆದಿದ್ದರು. ಲಕ್ಷ್ಮೇಶ್ವರದ ಹಿತ್ತಲಿನ ಕತೆಯನ್ನು ಅಲ್ಲಿ ಹೇಳಿದೆ. ಬೆಂಗಳೂರಿನಿಂದ ಬಂದ ಒಬ್ಬ ನಿರ್ದೇಶಕಿ ಅದನ್ನು ಕೇಳಿ, ತಿಂಗಳಾದ ಮೇಲೆ ಅಂಗಡಿಗೇ ಬಂದರು. ಒಳ್ಳೆಯ ಹೆಂಗಸು. ಗಂಟೆಗಟ್ಟಲೆ ಕೂತು ನನ್ನ ಮಾತು ಕೇಳಿಕೊಂಡರು. ಇದನ್ನು ಟೀವಿಗೆ ಸಿನಿಮಾ ಮಾಡುತ್ತೇನೆ, ನಿಮ್ಮಂಥ ಎಷ್ಟೋ ಜನಕ್ಕೆ ಧೈರ್ಯ ಬರುತ್ತದೆ ಎಂದರು. ನನಗೂ ಹಾಗೇ ಅನ್ನಿಸಿತು. ಗೆಳೆಯ ಮಾತ್ರ ತನ್ನ ಗುರುತು ಸಿಗಬಾರದು ಎಂದ. ಅವರು ಒಪ್ಪಿ ಅವನ ಪಾತ್ರವನ್ನು ಬಸ್ ಕಂಡಕ್ಟರ್ ಮಾಡಿದರು.

ಅಮಾವಾಸ್ಯೆಯ ಊಟಕ್ಕೆ ಹೋದಾಗ ಅವ್ವನಿಗೆ ತಿಳಿಸಿದೆ.

"ನನ್ನ ಫೋಟೋ ಹಿಡೀತಾರೇನು?" ಎಂದಳು.

"ಇಲ್ಲಬೇ. ನಿನ್ನ ಬದಲಿ ಬ್ಯಾರೆ ಒಬ್ಬಾಕಿ ಮಾಡ್ತಾಳ."

"ಮಾಡ್ಲಿ."

ಅವ್ವನ ಪಾತ್ರ ಮಾಡುವ ನಟಿ ಒಮ್ಮೆ ಬೆಟಗೇರಿಗೆ ಬಂದರು. ಅವ್ವನ ಪಕ್ಕದಲ್ಲಿ ಕೂತು ರಾಟಿ ತಿರುಗಿಸುವುದನ್ನು, ನೂಲು ತುಂಡಾದಾಗ ಬಾಯಲ್ಲಿ ಒದ್ದೆ ಮಾಡಿ ಹೊಸೆಯುವುದನ್ನು ಕಲಿತರು. ಅವ್ವ ಅವರಿಗೆ ರೊಟ್ಟಿ ಬಡಿದು ಹಾಕಿದಳು. ಹೊರಡುವಾಗ, "ಸೆರಗು ಹಿಂಗ ಹೊತಗೊಳ್ರಿ, ನೀವು ಹೊತಗೊಂಡದ್ದು ಜಾರತೈತಿ" ಎಂದು ತಿದ್ದಿ ಕಳಿಸಿದಳು. ಅವಳ ಮುಖದಲ್ಲಿ ಸ್ವಲ್ಪ ನಗು ಇದ್ದಂತೆ ಇತ್ತು.

ಚಿತ್ರೀಕರಣ ಬೆಟಗೇರಿಯಲ್ಲಿ ಆಗಲಿಲ್ಲ. ನಮ್ಮ ಓಣಿಯ ತುಂಬ ವೈರು, ತಗಡಿನ ಶೀಟು. ಅವರ ಕಣ್ಣಿಗೆ ಅದು ಚೆಂದ ಕಾಣಲಿಲ್ಲ. ಲಕ್ಕುಂಡಿಯಲ್ಲಿ ಹಳೆಯ ಒಂದು ಮನೆ ಹಿಡಿದರು. ಕಡೆಯ ದಿನ ನನ್ನನ್ನೂ ಕರೆದರು. ಪಡಸಾಲೆಯಲ್ಲಿ ಆ ನಟಿ ಅವ್ವನ ಹಾಗೆಯೇ ಸೆರಗು ಹೊದ್ದು, ಅವ್ವನ ಹಾಗೆಯೇ ಒಂದು ಮೊಣಕಾಲು ಎತ್ತಿ ಕೂತಿದ್ದರು. ನನ್ನ ಪಾತ್ರದ ಹುಡುಗ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ. ಅವರು ಎದ್ದು ಬಂದು, ಅವನ ತಲೆಯ ಮೇಲೆ ಕೈ ಇಟ್ಟು, "ನೀ ಹೆಂಗ ಇದ್ರೂ ನನ್ನ ಮಗನ ಅದೀ. ಒಳಗ ಬಾ" ಎಂದರು.

ನಾನು ಹೊರಗೆ ಬಂದೆ. ನಿರ್ದೇಶಕಿ ಹಿಂದೆಯೇ ಬಂದರು.

"ನಮ್ಮವ್ವ ಹಂಗ ಅಂದಿಲ್ರಿ" ಎಂದೆ.

"ಗೊತ್ತು. ಅಂದಿದ್ರೆ ಚೆನ್ನಾಗಿರ್ತಿತ್ತು ಅಲ್ವಾ?"

"ಅಂದಿಲ್ಲ ಅಂದ ಮ್ಯಾಲೆ ಹೆಂಗ ಹಾಕ್ತೀರಿ? ತಗೀರಿ ಅದನ್ನ."

"ಚಾನೆಲ್‌ನವರು ಕೊನೆ ಹೀಗೆ ಇದ್ರೇನೇ ಹಾಕೋದು ಅಂದಿದಾರೆ. ಮನೆಮಂದಿ ಕೂತು ನೋಡೋ ಹೊತ್ತು, ಜನಕ್ಕೆ ಒಂದು ಸಮಾಧಾನ ಬೇಕು. ಇದು ನನ್ನ ಕೈಲಿ ಇಲ್ಲ" ಎಂದರು. ಆಮೇಲೂ ಫೋನಿನಲ್ಲಿ ಎರಡು ಮೂರು ಸಲ ಕೇಳಿಕೊಂಡೆ. ಅದು ಹಾಗೆಯೇ ಉಳಿಯಿತು.

ಆ ಭಾನುವಾರ ಅವ್ವ ಫೋನು ಮಾಡಿ, "ಇಲ್ಲೇ ಬಂದು ನೋಡು" ಎಂದಳು. ಹೋದೆ. ಓಣಿಯ ಹೆಂಗಸರು ನಾಲ್ಕಾರು ಜನ ಬಂದು ಕೂತಿದ್ದರು. ಅಣ್ಣ ಮಗ್ಗ ಬಂದ್ ಮಾಡಿ ಬಾಗಿಲ ಹತ್ತಿರ ನಿಂತ. ಹಿತ್ತಲಿನ ಮಾತು ಬಂದಾಗ ಎಲ್ಲರೂ ತಲೆ ತಗ್ಗಿಸಿದರು. ಅಣ್ಣನ ಪಾತ್ರದವನು ಹೊಡೆಯುವಾಗ ಅಣ್ಣ ಹೊರಗೆ ಹೋದ. ಅವ್ವ ಮಾತ್ರ ಕಣ್ಣು ಕೀಳದೆ ನೋಡಿದಳು. ಕಡೆಗೆ ಆ ನಟಿ ಎದ್ದು ಬಂದು ಹುಡುಗನ ತಲೆಯ ಮೇಲೆ ಕೈ ಇಟ್ಟು ಆ ಮಾತು ಆಡಿದರು. ಅದರ ಹಿಂದೆಯೇ ಗದಗಿನ ಅಂಗಡಿಯ ಗಾದಿಯ ಮೇಲೆ ಕೂತ ನನ್ನದೇ ಫೋಟೋ ತೋರಿಸಿದರು. ಪಕ್ಕದ ಮನೆಯ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಎಷ್ಟ ದೊಡ್ಡ ಮಾತು ಅಂದೀಯವ್ವಾ. ನಾ ಆಗಿದ್ರ ಅಂತಿದ್ದಿಲ್ಲ" ಎಂದಳು.

"ನಾ ಅಂದಿಲ್ಲ" ಎಂದಳು ಅವ್ವ.

"ಟೀವ್ಯಾಗ ಅಂದೀಯಲ್ಲ ಮತ್ತ."

"ಅಕಿ ಅಂದಾಳ. ನಾ ಅಂದಿಲ್ಲ." ಎದ್ದು ಅಡಿಗೆಮನೆಗೆ ಹೋದವಳು ಹೆಂಗಸರು ಹೋಗುವತನಕ ಹೊರಗೆ ಬರಲಿಲ್ಲ. ನಾನು ಹೊರಟಾಗಲೂ ಬರಲಿಲ್ಲ.

ಅಣ್ಣನ ಮಗಳಿಗೆ ಮುಂಡರಗಿಯ ಒಂದು ಮನೆತನ ಗೊತ್ತಾಗಿತ್ತು. ಹುಡುಗ ಒಳ್ಳೆಯವ, ಅವಳಿಗೂ ಮನಸ್ಸಾಗಿತ್ತು. ನನ್ನ ವಿಷಯ ಅವರಿಗೆ ಮೊದಲೇ ಗೊತ್ತು. ಮನೆಯಿಂದ ಹೊರಗೆ ಹಾಕಿದ್ದಾರೆ, ಸಂಬಂಧ ಇಲ್ಲ ಎಂದು ನಡುವಿನವರು ಹೇಳಿದ್ದರಿಂದ ಒಪ್ಪಿದ್ದರು. ಸಿನಿಮಾ ಬಂದ ವಾರದಲ್ಲಿ ಅವರ ಫೋನು ಬಂತು. ಅಂಥವನನ್ನು ಅಜ್ಜಿಯೇ ತಲೆ ಸವರಿ ಒಳಗೆ ಕರೆದುಕೊಂಡಿದ್ದಾಳೆ, ಆ ಮನೆಯ ಹುಡುಗಿ ನಮಗೆ ಬೇಡ ಎಂದರು. ನಾನು ಇಂಥವನು ಎಂಬುದನ್ನು ಅವರು ಸಹಿಸಿಕೊಂಡಿದ್ದರು. ಅವ್ವ ನನ್ನನ್ನು ಒಪ್ಪಿದಳು ಎಂಬುದನ್ನು ಸಹಿಸಲಾರದೆ ಹೋದರು.

ಅಣ್ಣ ಅಂಗಡಿಯ ಮೆಟ್ಟಿಲ ತನಕ ಬಂದು, ಮೇಲೆ ಹತ್ತದೆ, "ಅವ್ವ ಕರೀತಾಳ" ಎಂದ. ಹೋದೆ. ಅವ್ವ ರಾಟಿಯ ಮುಂದೆ ಕೂತಿರಲಿಲ್ಲ; ನನಗಾಗಿಯೇ ಕಾದು ಕೂತಿದ್ದಳು.

"ನಾಳೆ ಮುಂಡರಗಿಗೆ ಹೊಂಟೀವಿ. ನೀನೂ ಬಾ."

"ನಾ ಯಾಕಬೇ ಅಲ್ಲಿ?"

"ಅಲ್ಲಿ ನಾ ಒಂದು ಮಾತು ಆಡಬೇಕಾಗೇತಿ. ನಿನ್ನ ಬೆನ್ನ ಹಿಂದ ಆಡಾಕ ನನಗ ಆಗೂದಿಲ್ಲ."

ಬಾಡಿಗೆ ಗಾಡಿಯಲ್ಲಿ ಹೋದೆವು: ಅವ್ವ, ಅಣ್ಣ, ಸಮಾಜದ ಒಬ್ಬ ಹಿರಿಯರು, ನಾನು. ಎರಿಯ ಕಪ್ಪು ಹೊಲದಲ್ಲಿ ಕಡಲೆ ಹೂ ಬಿಟ್ಟಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ಹುಡುಗನ ಮನೆಯವರು ಅವ್ವನನ್ನೂ ಅಣ್ಣನನ್ನೂ ಒಳಗೆ ಕರೆದು ಜಮಖಾನೆಯ ಮೇಲೆ ಕೂರಿಸಿದರು. ನನಗೆ ಹೊರಗೆ ಕಟ್ಟೆಯ ಮೇಲೆ ಒಂದು ಕುರ್ಚಿ ಹಾಕಿಸಿದರು. ಬಾಗಿಲು ತೆರೆದೇ ಇತ್ತು. ನನಗೆ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು.

"ಟೀವ್ಯಾಗ ಆ ಮಾತು ಅಂದಾಕಿ ನಾ ಅಲ್ರಿ" ಎಂದಳು ಅವ್ವ. "ಅಕಿ ಯಾರೋ. ನಾ ಎಂದೂ ಹಂಗ ಅಂದಿಲ್ಲ. ನಾ ಒಪ್ಪಿಕೊಂಡಿಲ್ಲ."

"ಈಗ ಹಿಂಗ ಅಂತೀರಿ ಅಮ್ಮಾರ, ಖರೆ ಅಂತ ನಾವು ಹೆಂಗ ನಂಬೂದ್ರಿ?" ಎಂದರು ಹುಡುಗನ ತಂದೆ.

"ಅದಕ್ಕ ಅವನ್ನ ಕರಕೊಂಡು ಬಂದೀನಿ. ಅಂವ ಸುಳ್ಳು ಹೇಳೂದಿಲ್ಲ. ಸುಳ್ಳು ಹೇಳಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ. ಅವನ್ನ ಕೇಳ್ರಿ."

ಅವರು ಬಾಗಿಲಿಗೆ ಬಂದು ನಿಂತರು. "ಏನಪಾ, ನಿಮ್ಮವ್ವ ಹಂಗ ಅಂದಾಳೇನು ನಿನಗ?"

ಅವ್ವ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. "ಇಲ್ರಿ" ಎಂದೆ. "ಅಂದಿಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ ಅಂದಿಲ್ರಿ."

ಅವರು ಒಳಗೆ ತಿರುಗಿ, "ಇನ್ನ ಮುಂದ?" ಎಂದು ಕೇಳಿದರು. ಅಣ್ಣ ಅವ್ವನ ಮೊಣಕೈ ಮುಟ್ಟಿದ.

"ಇನ್ನ ಮುಂದೂ ಇಲ್ಲ. ಅಂವ ನಮ್ಮ ಮನಿ ಹೊಸ್ತಲಾ ದಾಟೂದಿಲ್ಲ. ಅಂವ ನನ್ನ ಮಗ ಅಲ್ಲ" ಎಂದಳು.

ಅಷ್ಟು ವರ್ಷ ಅವಳು ಹೌದು ಎಂದೂ ಅಂದಿರಲಿಲ್ಲ, ಅಲ್ಲ ಎಂದೂ ಅಂದಿರಲಿಲ್ಲ. ಆ ನಡುವಿನ ಜಾಗದಲ್ಲಿ ನಾನು ಹೋಳಿಗೆ ತಿಂದುಕೊಂಡು ಬದುಕಿದ್ದೆ. ಒಳಗೆ ಎಲ್ಲರಿಗೂ ಚಹಾ ಬಂತು. ನನಗೂ ಹೊರಗೆ ಒಂದು ಕಾಗದದ ಕಪ್ಪಿನಲ್ಲಿ ಕೊಟ್ಟರು. ಕುಡಿದೆ. ಸಂಬಂಧ ಕೂಡಿತು.

ಗದಗಿಗೆ ಬಂದಾಗ ಅವ್ವ ಡ್ರೈವರಿಗೆ, "ಇಲ್ಲೇ ನಿಂದ್ರಸಪಾ, ಇಂವ ಇಳೀತಾನ" ಎಂದಳು. ನಾನು ಇಳಿದು ಬಾಗಿಲು ಹಾಕುವಾಗ ನನ್ನ ಕಡೆ ತಿರುಗದೆಯೇ, "ಹೊತ್ತಿಗೆ ಸರಿಯಾಗಿ ಉಣ್ಣು" ಎಂದಳು. ಅವಳು ನನ್ನೊಡನೆ ಆಡಿದ ಮಾತು ಅದೇ ಕಡೆಯದು.

ಖೋಲಿಯಲ್ಲಿ ಗೆಳೆಯ ಕತ್ತಲಲ್ಲಿ ಕೂತಿದ್ದ, ದೀಪ ಹಚ್ಚಿರಲಿಲ್ಲ. ಶಾಲೆಯ ಆಡಳಿತದವರು ಅವತ್ತು ಅವನನ್ನು ಕರೆಸಿದ್ದರು. ಸಿನಿಮಾದ ಕಂಡಕ್ಟರ್ ನೀವೇ ಏನು, ಆ ಮನುಷ್ಯನ ಜೊತೆ ಇರುವವರು ನೀವಲ್ಲವೇ ಎಂದು ಕೇಳಿದ್ದರು.

"ನಾ ಅಲ್ಲ ಅಂದೆ" ಎಂದ. "ಅಂವ ಬರೇ ಖೋಲಿ ಪಾಲುದಾರ, ನನಗ ಅವನ ವಿಷಯ ಗೊತ್ತಿಲ್ಲ ಅಂದೆ."

"ಆತು ಬಿಡು. ಹೊಟ್ಟಿಪಾಡು. ಏನ ಮಾಡಾಕ ಬರತೈತಿ."

"ಆತು ಅನ್ನಬ್ಯಾಡ ನೀ. ಬೈ ನನಗ."

ಬೈಯುವ ಬದಲು ಮುಂಡರಗಿಯಲ್ಲಿ ಆದದ್ದನ್ನು ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡು ಕೂತ. ಹಾಗೆ ಕೂತವನೇ ಮುಂದಿನ ವಾರ ಬಣ್ಣದ ಡಬ್ಬಿ, ಬಟ್ಟೆ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋದ. ಸ್ವಲ್ಪ ದಿನ ದೂರ ಇರೋಣ, ಜನ ಮರೆಯಲಿ ಎಂದಿದ್ದ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ನಿಂತಿತು. ಅವನಿಗೆ ಮದುವೆಯಾಯಿತು ಎಂದು ಅಂಗಡಿಗೆ ಬಂದ ಲಕ್ಷ್ಮೇಶ್ವರದ ಹೆಂಗಸೊಬ್ಬರು ಮಾತಿನ ನಡುವೆ ಹೇಳಿದರು. ಆ ಹುಡುಗಿಗೆ ಅವನು ಏನಾದರೂ ಹೇಳಿದನೋ ಇಲ್ಲವೋ ನನಗೆ ತಿಳಿಯದು.

ಅಂಗಡಿಯ ಮಾಲೀಕರು ಕೆಲಸದಿಂದ ತೆಗೆಯಲಿಲ್ಲ. "ಮದಲೂ ಗೊತ್ತಿತ್ತು ನಮಗ. ಆದ್ರ ಈಗ ಗಿರಾಕಿ ಮುಖಾ ನೋಡಿ ಗುರುತು ಹಿಡೀತಾರಪಾ" ಎಂದು ನನ್ನನ್ನು ಗಾದಿಯಿಂದ ಎಬ್ಬಿಸಿ ಹಿಂದಿನ ಗೋದಾಮಿಗೆ ಹಾಕಿದರು. ಅಲ್ಲಿ ಕಿಟಕಿ ಇಲ್ಲ. ಬಂದ ಗಂಟು ಬಿಚ್ಚುವುದು, ಚೀಟಿ ಹಚ್ಚುವುದು, ಮಡಿಕೆ ಹಾಕಿ ಇಡುವುದು. ಹೊರಗೆ ಬೇರೆಯವರು ಸೀರೆ ಝಾಡಿಸುವ ಸದ್ದು ಕೇಳುತ್ತದೆ. ಅಣ್ಣನ ಮಗಳ ಮದುವೆಯ ಬಟ್ಟೆ ಅದೇ ಅಂಗಡಿಯಿಂದ ಹೋಯಿತು. ಅವ್ವ ಹೊರಗೆ ಗಾದಿಯ ಎದುರು ಕೂತು ಬಣ್ಣ ಕೇಳುತ್ತಿದ್ದ ದನಿ ನನಗೆ ಕೇಳಿಸಿತು. ಅವಳು ಕೇಳಿದ ಹಸಿರು ನನ್ನ ಕೈಯ ಹತ್ತಿರದ ಕಪಾಟಿನಲ್ಲೇ ಇತ್ತು. ತೆಗೆದು ಬೇರೊಬ್ಬರ ಕೈಯಲ್ಲಿ ಕಳಿಸಿದೆ. ಅದನ್ನೇ ತೆಗೆದುಕೊಂಡಳು.

ಒಂದು ಹಬ್ಬದ ಹೊತ್ತಿಗೆ ಸಿನಿಮಾವನ್ನು ಮತ್ತೊಮ್ಮೆ ಹಾಕಿದರು. ಅದಾದ ಕೆಲವು ದಿನಕ್ಕೆ ನನ್ನನ್ನು ಕೇಳಿಕೊಂಡು ಒಬ್ಬರು ಗೋದಾಮಿಗೆ ಬಂದರು. ಮೂವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಶಿರಹಟ್ಟಿಯಿಂದ ಬಂದೆ ಎಂದರು. ಕೂರಲು ಗಂಟಿನ ಮೇಲೆ ಜಾಗ ಮಾಡಿಕೊಟ್ಟೆ.

"ನಮ್ಮವ್ವ ನಿಮ್ಮ ಸಿನಿಮಾ ಪೂರ್ತಿ ನೋಡಿದ್ಳರಿ. ಕಡೀಕ ಅತ್ಲು. ನಿಮ್ಮ ಅವ್ವಾರನ್ನ ಒಂದ್ಸಲ ನಮ್ಮ ಮನಿಗೆ ಕರಕೊಂಡು ಬರ್ರಿ. ನಾ ಎಷ್ಟ ಹೇಳಿದ್ರೂ ನಮ್ಮವ್ವ ತಿಳಕೊಳ್ಳವಲ್ಲಳು. ತಾಯಿ ಮಾತು ತಾಯಿ ಕೇಳ್ತಾಳ್ರಿ."

"ಅದು ಸಿನಿಮಾರಿ" ಎಂದೆ. "ನಮ್ಮವ್ವ ಹಂಗ ಅಂದಿಲ್ಲ."

"ಆಮ್ಯಾಲಾದ್ರೂ ಅಂದಿರಬೇಕಲ್ರಿ?"

"ಇಲ್ರಿ. ಮನಿಗೆ ಬರಬ್ಯಾಡ ಅಂದಾಳ."

ಅವರು ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡರು. "ನಾ ಮನ್ಯಾಗ ಹೇಳಿಬಿಟ್ಟೀನ್ರಿ" ಎಂದರು. "ಸಿನಿಮಾ ಮುಗಿದ ಕೂಡ್ಲೇ. ಅವ್ವ ಅಳಾಕತ್ತಿದ್ಲಲ್ಲ, ಈಗ ಹೇಳಿದ್ರ ತಿಳಕೊಂತಾಳ ಅಂತ ಹೇಳಿಬಿಟ್ಟೆ. ಮರುದಿನದಿಂದ ಆಕಿ ನನ್ನ ಕೈಯಿಂದ ನೀರು ಸುದ್ದಾ ಇಸಕೊಳ್ಳವಲ್ಲಳು. ಈಗ ಏನ ಮಾಡೂದ್ರಿ ನಾನು?"

ಹುಬ್ಬಳ್ಳಿಯ ವೇದಿಕೆಯಲ್ಲಿ ಧೈರ್ಯದ ಮಾತು ಆಡಿದವನು ನಾನು. ಇಲ್ಲಿ ನನ್ನಿಂದ ಆದದ್ದು ಇಷ್ಟೇ. ಚಹಾ ತರಿಸಿದೆ, ಅವರು ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದು ಹೋದೆ. ನನ್ನ ನಂಬರು ಬರೆದು ಕೊಟ್ಟು, ಏನಾದರೂ ಆದರೆ ಫೋನು ಮಾಡಿ, ಖೋಲಿಯಲ್ಲಿ ಜಾಗ ಇದೆ, ಬಂದು ಇರಿ ಎಂದೆ. ಅವರು ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟು ಶಿರಹಟ್ಟಿಯ ಬಸ್ಸು ಹತ್ತಿದರು.

ಫೋನು ಬರಲಿಲ್ಲ. ತಿಂಗಳು ಕಾದು ಒಂದು ರವಿವಾರ ಶಿರಹಟ್ಟಿಗೆ ಹೋದೆ. ಹೆಸರು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಠದ ಮುಂದೆ ನಿಂತೆ, ಪೇಟೆಯಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಯಾರನ್ನಾದರೂ ವಿಚಾರಿಸೋಣ ಎಂದರೆ, ಟೀವಿಯಲ್ಲಿ ಬಂದವನು ಇಂಥವರನ್ನು ಹುಡುಕಿಕೊಂಡು ಬಂದಿದ್ದ ಎಂಬ ಮಾತು ಹುಟ್ಟಿ ಅವರಿಗೇ ಕುತ್ತಾಗುತ್ತದೆ. ಒಂದು ಹೋಟೆಲಿನಲ್ಲಿ ಕೂತೆ. ಗಲ್ಲೆಯ ಮೇಲೆ ದುಡ್ಡು ಎಣಿಸುತ್ತ ಕೂತವನು ನನ್ನನ್ನು ಎರಡು ಸಲ ನೋಡಿ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಇಬ್ಬರೂ ನಕ್ಕರು. ಮಂಡಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಮೂರು ಗಂಟೆಯ ಬಸ್ಸಿಗೆ ಗದಗಿಗೆ ಬಂದೆ. ಅವರ ಗತಿ ಏನಾಯಿತು ಎಂಬುದು ಇಂದಿಗೂ ಗೊತ್ತಿಲ್ಲ.